ಟ್ರ್ಯಾಕ್ಟರ್ ಟ್ರೇಲರ್‌ಗೆ ಯಾವ ಟೈರ್? ಕಂಪನಿ ಕೇಳುವ ಮೊದಲು ತೂಕ ನೋಡಿ

ಟ್ರೇಲರ್‌ಗೆ ಯಾವ ಕಂಪನಿ ಟೈರ್ ಒಳ್ಳೆಯದು ಎಂಬ ಪ್ರಶ್ನೆ ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಶುರುವಾಗುತ್ತದೆ. ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದನ್ನೇ: ನಿಮ್ಮ ಟ್ರೇಲರ್ ತುಂಬಿದಾಗ ಎಷ್ಟು ತೂಗುತ್ತದೆ? "ಐದಾರು ಟನ್ ಇರಬಹುದು" ಎಂಬ ಉತ್ತರ ಬರುತ್ತದೆ. ಐದಕ್ಕೂ ಆರಕ್ಕೂ ನಡುವೆ ಒಂದು ಟನ್ ಇದೆ. ಎರಡು ಚಕ್ರದ ಟ್ರೇಲರ್‌ನಲ್ಲಿ ಅದು ಒಂದೊಂದು ಟೈರ್ ಮೇಲೆ ಹತ್ತಿರ ಹತ್ತಿರ ಅರ್ಧ ಟನ್. ಟೈರ್ ಹಂಗಾಮು ಪೂರ್ತಿ ಬಾಳುತ್ತದೋ, ಕಾರ್ಖಾನೆ ದಾರಿಯಲ್ಲಿ ಸಿಡಿಯುತ್ತದೋ ಎನ್ನುವುದು ಆ ಅರ್ಧ ಟನ್ನಿನಲ್ಲೇ ತೀರ್ಮಾನವಾಗಬಹುದು.

ಅಂಗಡಿಯವರು ಸಾಮಾನ್ಯವಾಗಿ ಕೇಳುವುದು "ಮೊದಲು ಯಾವ ಸೈಜ್ ಇತ್ತು?" ಎಂದು. ಅದನ್ನೇ ಕೊಟ್ಟು ಕಳಿಸುತ್ತಾರೆ. ಮೊದಲು ಇದ್ದದ್ದೇ ತಪ್ಪು ಸೈಜ್ ಆಗಿದ್ದರೆ ಹೊಸ ಟೈರ್‌ಗೂ ಅದೇ ಗತಿ. ಹಾಗಾಗಿ ಕಂಪನಿಯ ಹೆಸರನ್ನು ಕೊನೆಗೆ ಇಟ್ಟುಕೊಳ್ಳೋಣ. ಇಲ್ಲಿ ಹೇಳುವುದೆಲ್ಲ ಟ್ರ್ಯಾಕ್ಟರ್ ಎಳೆಯುವ ಎರಡು ಚಕ್ರದ ಮತ್ತು ನಾಲ್ಕು ಚಕ್ರದ ಟ್ರೇಲರ್‌ಗಳಿಗೆ ಅನ್ವಯ.

ಕೈಯಲ್ಲಿ ಇರಬೇಕಾದದ್ದು: ಟ್ರೇಲರ್‌ನ ಆರ್‌ಸಿ, ಒಂದೆರಡು ತೂಕದ ಚೀಟಿ, ಅಳತೆ ಟೇಪ್, ಟಾರ್ಚ್, ಗಾಳಿ ಅಳೆಯುವ ಗೇಜ್. ಗೇಜ್ ನಿಮ್ಮದೇ ಇರಲಿ. ಪಂಚರ್ ಅಂಗಡಿಯ ಗೇಜುಗಳು ಎಲ್ಲವೂ ಒಂದೇ ಲೆಕ್ಕ ತೋರಿಸುವುದಿಲ್ಲ.

1. ಒಂದು ಚಕ್ರದ ಮೇಲೆ ಬೀಳುವ ತೂಕ ಎಷ್ಟು?

ಕಬ್ಬು ಸಾಗಿಸುವವರಿಗೆ ಇದು ಸುಲಭ. ಕಾರ್ಖಾನೆಯ ತೂಕದ ಚೀಟಿಯಲ್ಲಿ ತುಂಬಿದ ತೂಕ, ಖಾಲಿ ತೂಕ ಎರಡೂ ಇರುತ್ತವೆ. ಹಂಗಾಮಿನ ಚೀಟಿಗಳಲ್ಲಿ ಅತಿ ಹೆಚ್ಚು ತೂಗಿದ್ದನ್ನು ಆರಿಸಿ, ಸರಾಸರಿ ತೆಗೆಯಬೇಡಿ. ಸಿಡಿಯುವ ದಿನ ಟೈರ್ ಸರಾಸರಿ ನೋಡುವುದಿಲ್ಲ. ಚೀಟಿಯ ಲೆಕ್ಕದಲ್ಲಿ ಟ್ರ್ಯಾಕ್ಟರ್ ತೂಕವೂ ಸೇರಿರುತ್ತದೆ ಎಂಬುದು ನೆನಪಿರಲಿ. ಬೆಳಗಾವಿ, ಬಾಗಲಕೋಟೆ ಕಡೆ ಒಂದೇ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟುವವರು ಎರಡನ್ನೂ ಬೇರೆ ಬೇರೆ ತೂಗಿಸಿ. ಹಿಂದಿನದಕ್ಕೂ ಮುಂದಿನದಕ್ಕೂ ಸಮ ಹೊರೆ ಇರುತ್ತದೆ ಎಂದು ಎಣಿಸಬೇಡಿ.

ಚೀಟಿ ಇಲ್ಲದವರು ಎಪಿಎಂಸಿ ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿ. ತುಂಬಿದ ಟ್ರೇಲರ್ ಟ್ರ್ಯಾಕ್ಟರ್‌ಗೆ ಸಿಕ್ಕಿಕೊಂಡೇ ಇರಲಿ, ಟ್ರೇಲರ್‌ನ ಚಕ್ರಗಳು ಮಾತ್ರ ತೂಕದ ಹಲಗೆಯ ಮೇಲಿರುವಂತೆ ನಿಲ್ಲಿಸಿ. ಬಂದ ಅಂಕಿಯನ್ನು ಚಕ್ರಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಎರಡು ಚಕ್ರದ ಟ್ರೇಲರ್ ತನ್ನ ಹೊರೆಯ ಒಂದು ಪಾಲನ್ನು ಟ್ರ್ಯಾಕ್ಟರ್‌ನ ಹುಕ್ಕಿನ ಮೇಲೆ ಹಾಕುತ್ತದೆ, ಈ ವಿಧಾನದಲ್ಲಿ ಅದು ತಾನಾಗಿಯೇ ಕಳೆದುಹೋಗಿರುತ್ತದೆ.

ಅದೂ ಆಗದಿದ್ದರೆ ತೊಟ್ಟಿಯ ಅಳತೆಯಿಂದ ಲೆಕ್ಕ ಹಾಕಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಎಂದರೆ 120 ಘನ ಅಡಿ. ಒಣ ಮರಳು ಅಥವಾ ಜಲ್ಲಿ ಒಂದು ಘನ ಅಡಿಗೆ ಸುಮಾರು 45 ಕೆ.ಜಿ., ಭತ್ತ ಸುಮಾರು 16 ಕೆ.ಜಿ. ತೂಗುತ್ತದೆ. ಅಂಚಿಗೆ ಸಮನಾಗಿ ತುಂಬಿದರೆ ಅದೇ ತೊಟ್ಟಿಯಲ್ಲಿ ಭತ್ತ ಎರಡು ಟನ್ನಿಗೆ ತುಸು ಕಡಿಮೆ, ಜಲ್ಲಿ 5.4 ಟನ್. ಒದ್ದೆ ಮರಳಾದರೆ ಇನ್ನೂ ಹೆಚ್ಚು. "ನಮ್ಮದು ಹತ್ತಡಿ ಟ್ರೇಲರ್, ಯಾವ ಟೈರ್ ಬೇಕು?" ಎಂಬ ಪ್ರಶ್ನೆಗೆ ಉತ್ತರ ಇಲ್ಲ ಎನ್ನುವುದು ಇದಕ್ಕೇ. ತುಂಬುವುದು ಏನು ಎಂದು ತಿಳಿದರೆ ಮಾತ್ರ ಉತ್ತರವಿದೆ.

ಜಲ್ಲಿಯ ಲೆಕ್ಕವನ್ನೇ ಮುಂದುವರಿಸೋಣ. ಖಾಲಿ ಟ್ರೇಲರ್ 1.4 ಟನ್ ಎಂದಿಟ್ಟುಕೊಳ್ಳಿ (ನಿಮ್ಮದು ಎಷ್ಟೆಂದು ಆರ್‌ಸಿಯಲ್ಲಿ ಖಾಲಿ ತೂಕದ ಜಾಗದಲ್ಲಿದೆ). ಒಟ್ಟು 6.8 ಟನ್. ನಾಲ್ಕು ಚಕ್ರವಿದ್ದರೆ ಒಂದಕ್ಕೆ 1,700 ಕೆ.ಜಿ. ಇದರ ಮೇಲೆ ಐದನೇ ಒಂದು ಪಾಲು ಸೇರಿಸಿ, 2,040 ಆಯಿತು. ಈ ಹೆಚ್ಚುವರಿ ಯಾಕೆಂದರೆ ಹೊರೆ ಎಂದೂ ನಾಲ್ಕು ಕಡೆ ಸಮನಾಗಿ ಕೂರುವುದಿಲ್ಲ. ಒಂದು ಚಕ್ರ ಗುಂಡಿಗೆ ಇಳಿದ ಕ್ಷಣ ಅದರ ಮೇಲಿನ ಭಾರ ಇನ್ನೂ ಏರುತ್ತದೆ. ಅದೇ ಜಲ್ಲಿಯನ್ನು ಎರಡು ಚಕ್ರದ ಟ್ರೇಲರ್‌ಗೆ ಹಾಕಿದರೆ, ಹತ್ತನೇ ಒಂದು ಪಾಲು ಹುಕ್ಕಿಗೆ ಹೋಯಿತೆಂದರೂ ಒಂದು ಟೈರ್‌ಗೆ 3,000 ಕೆ.ಜಿ. ದಾಟುತ್ತದೆ, ಹೆಚ್ಚುವರಿ ಸೇರಿಸಿದರೆ 3,600ರ ಮೇಲೆ. ಆಗ ದೊಡ್ಡ ಟೈರ್ ಹುಡುಕುವುದಕ್ಕಿಂತ ಅರ್ಧ ತೊಟ್ಟಿ ತುಂಬುವುದು ಬುದ್ಧಿವಂತಿಕೆ.

ಎಚ್ಚರಿಕೆ: ಟೈರ್ ಗಟ್ಟಿಯಾದ ಮಾತ್ರಕ್ಕೆ ಟ್ರೇಲರ್ ಗಟ್ಟಿಯಾಗುವುದಿಲ್ಲ. ಆಕ್ಸಲ್, ಬೇರಿಂಗ್, ಹುಕ್ಕು ಹಳೆಯವೇ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ನಿಮ್ಮ ಗಡಿ. ಅದನ್ನು ದಾಟಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

2. ಹಳೆಯ ಟೈರ್ ಏನು ಹೇಳುತ್ತಿದೆ?

ಬಿಚ್ಚಿ ಎಸೆಯುವ ಮೊದಲು ಒಮ್ಮೆ ನೋಡಿ. ಎರಡೂ ಅಂಚಿನ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳು) ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಹೆಚ್ಚು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಪಕ್ಕ ಸವೆದಿದ್ದರೆ ಆಕ್ಸಲ್ ಬಾಗಿದೆ ಅಥವಾ ಬೇರಿಂಗ್ ಸಡಿಲವಾಗಿದೆ. ಅದನ್ನು ಸರಿಪಡಿಸದೆ ಹೊಸ ಟೈರ್ ಹಾಕಿಸುವುದು ದುಡ್ಡನ್ನು ರಸ್ತೆಗೆ ಉಜ್ಜಿದ ಹಾಗೆ.

3. ಟೈರ್ ಮೈಮೇಲಿನ ಬರಹ ಓದಿ

ಟೈರ್‌ನ ಪಕ್ಕದ ಗೋಡೆಯಲ್ಲಿ (ಸೈಡ್‌ವಾಲ್) ಬೇಕಾದುದೆಲ್ಲ ಅಚ್ಚಾಗಿರುತ್ತದೆ. ಉದಾಹರಣೆಗೆ 9.00-16 16ಪಿಆರ್ ಎಂದಿದ್ದರೆ:

9.00 ಎಂದರೆ ಟೈರ್‌ನ ಅಗಲ, ಇಂಚಿನಲ್ಲಿ. 16 ಎಂದರೆ ರಿಮ್‌ನ ವ್ಯಾಸ, ಅದೂ ಇಂಚಿನಲ್ಲಿ. ನಡುವಿನ ಅಡ್ಡಗೆರೆ ಇದು ಬಯಾಸ್ ಟೈರ್ ಎಂದು ಹೇಳುತ್ತದೆ. ನಮ್ಮ ಕಡೆ ಎಲ್ಲರೂ "ನೈಲಾನ್ ಟೈರ್" ಎನ್ನುವುದು ಇದನ್ನೇ. ಅಡ್ಡಗೆರೆಯ ಬದಲು ಆರ್ ಅಕ್ಷರ ಇದ್ದರೆ ರೇಡಿಯಲ್. ಪಿಆರ್ ಎಂದರೆ ಪ್ಲೈ ರೇಟಿಂಗ್, ಅಂದರೆ ಟೈರ್‌ನ ಬಲದ ದರ್ಜೆ. 16ಪಿಆರ್ ಇದ್ದರೆ ಒಳಗೆ ನಿಜವಾಗಿ ಹದಿನಾರು ಪದರ ಇರುತ್ತದೆ ಎಂದಲ್ಲ. ಹಿಂದಿನ ಕಾಲದ ಅಷ್ಟು ಪದರದ ಹತ್ತಿ ಬಟ್ಟೆಯ ಟೈರ್‌ಗೆ ಸಮನಾದ ಬಲ ಎಂಬ ಲೆಕ್ಕ ಅದು.

ಇಲ್ಲೇ ಬಹಳ ಮಂದಿ ಎಡವುತ್ತಾರೆ. ಅಳತೆ ಒಂದೇ ಇದ್ದರೆ ಟೈರ್ ಒಂದೇ ಎಂದುಕೊಳ್ಳುತ್ತಾರೆ. ಅದೇ ಸೈಜಿನಲ್ಲಿ ಕಡಿಮೆ ಪಿಆರ್‌ನದೂ ಸಿಗುತ್ತದೆ, ಹೆಚ್ಚಿನದೂ ಸಿಗುತ್ತದೆ, ಹೊರುವ ತೂಕ ಬೇರೆ ಬೇರೆ. ಬೆಲೆ ಯಾಕೆ ಕಡಿಮೆ ಎಂದು ಚೌಕಾಸಿ ಮಾಡುವ ಮೊದಲು ಪಿಆರ್ ನೋಡಿ.

ನಿಮಗೆ ನಿಜಕ್ಕೂ ಬೇಕಾದದ್ದು ಲೋಡ್ ಇಂಡೆಕ್ಸ್, ಅಂದರೆ ತೂಕದ ಸಂಕೇತ ಸಂಖ್ಯೆ. ಪ್ರತಿ ಸಂಖ್ಯೆಗೂ ಒಂದು ನಿಗದಿತ ತೂಕವಿದೆ: 121 ಎಂದರೆ 1,450 ಕೆ.ಜಿ., 125 ಎಂದರೆ 1,650, 130 ಎಂದರೆ 1,900, 133 ಎಂದರೆ 2,060, 140 ಎಂದರೆ 2,500, 146 ಎಂದರೆ 3,000. ನಮ್ಮ ಜಲ್ಲಿ ಟ್ರೇಲರ್‌ಗೆ 2,040 ಬಂದಿತ್ತಲ್ಲ, ಅದಕ್ಕೆ ಕನಿಷ್ಠ 133 ಬೇಕು. ಕೆಲವು ಟೈರ್‌ಗಳಲ್ಲಿ ಈ ಸಂಕೇತ ಇರುವುದಿಲ್ಲ, ಗರಿಷ್ಠ ಹೊರೆಯನ್ನು ನೇರವಾಗಿ ಕೆ.ಜಿ.ಯಲ್ಲೇ ಬರೆದು ಪಕ್ಕದಲ್ಲಿ ಗಾಳಿಯ ಒತ್ತಡ ಕೊಟ್ಟಿರುತ್ತಾರೆ. ಅದಾದರೂ ಸರಿ.

ಲಾರಿ ಟೈರ್‌ಗಳಲ್ಲಿ 146/143ಕೆ ಎಂಬಂಥ ಬರಹ ಕಾಣುತ್ತದೆ. ಮೊದಲ ಸಂಖ್ಯೆ ಆಕ್ಸಲ್‌ನ ಒಂದು ತುದಿಗೆ ಒಂದೇ ಟೈರ್ ಇದ್ದಾಗ, ಎರಡನೆಯದು ಜೋಡಿ ಟೈರ್ ಇದ್ದಾಗ. ಟ್ರೇಲರ್‌ನಲ್ಲಿ ಸಾಮಾನ್ಯವಾಗಿ ಒಂದೇ ಇರುವುದರಿಂದ ಮೊದಲನೆಯದನ್ನು ನೋಡಿ. ಕೊನೆಯ ಅಕ್ಷರ ವೇಗದ್ದು: ಎ6 ಎಂದರೆ ಗಂಟೆಗೆ 30 ಕಿ.ಮೀ., ಎ8 ಎಂದರೆ 40, ಕೆ ಎಂದರೆ 110. ಕೃಷಿ ಟ್ರೇಲರ್‌ಗೆಂದೇ ಮಾಡಿದ ಟೈರ್‌ಗಳ ಹೊರೆಯನ್ನು ಈ ಕಡಿಮೆ ವೇಗಕ್ಕೆ ಲೆಕ್ಕ ಹಾಕಿರುತ್ತಾರೆ. ಅಂಥ ಟ್ರೇಲರನ್ನು ಪಿಕಪ್ಪಿಗೋ ಜೀಪಿಗೋ ಕಟ್ಟಿ ಹೆದ್ದಾರಿಯಲ್ಲಿ ಅರವತ್ತರಲ್ಲಿ ಎಳೆದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು.

4. ಯಾವ ಬಗೆಯ ಟೈರ್?

ಟ್ರೇಲರ್ ಚಕ್ರಕ್ಕೆ ಎಂಜಿನ್ ಇಲ್ಲ, ಅದು ಸುಮ್ಮನೆ ಉರುಳುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಹಿಂದಿನ ಚಕ್ರದಂಥ ದಪ್ಪ ಲಗ್ ಬಟನ್ ಅದಕ್ಕೆ ಬೇಡ. ಉದ್ದುದ್ದ ಗೆರೆಗಳಿರುವ ರಿಬ್ ಬಟನ್ ಸಾಕು. ಡಾಂಬರ್ ರಸ್ತೆಯಲ್ಲಿ ಹಗುರಾಗಿ ಉರುಳುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಬ್ರೇಕ್ ಇರುವ ಟ್ರೇಲರ್, ಕಲ್ಲು ಕ್ವಾರಿಯ ದಾರಿ ಇದ್ದರೆ ಮಾತ್ರ ರಿಬ್ಬೂ ಲಗ್ಗೂ ಬೆರೆತ ಬಟನ್ ಯೋಚಿಸಿ.

ಗದ್ದೆಗೆ ಇಳಿಸುವವರ ಕಥೆ ಬೇರೆ. ಎರೆಮಣ್ಣಿನಲ್ಲಿ, ನೀರು ಆರದ ಭತ್ತದ ಗದ್ದೆಯಲ್ಲಿ ಕಿರಿದಾದ ಗಟ್ಟಿ ಟೈರ್ ಚಾಕುವಿನಂತೆ ಇಳಿಯುತ್ತದೆ. ಅಲ್ಲಿಗೆ ಬೇಕಾದದ್ದು ಅಗಲವಾದ, ಕಡಿಮೆ ಗಾಳಿಯಲ್ಲಿ ಓಡುವ ಫ್ಲೋಟೇಶನ್ ಟೈರ್. 400/60-15.5 ಎಂಬಂಥ ಅಳತೆಯಲ್ಲಿ ಬರುತ್ತವೆ: 400 ಮಿ.ಮೀ. ಅಗಲ, ಆ ಅಗಲದ ಶೇಕಡ 60ರಷ್ಟು ಗೋಡೆಯ ಎತ್ತರ, 15.5 ಇಂಚಿನ ರಿಮ್. ಮಣ್ಣನ್ನು ಒತ್ತಿ ಗಟ್ಟಿ ಮಾಡುವುದೂ ಕಡಿಮೆ. ಆದರೆ ರಿಮ್ ಬೇರೆ ಬೇಕು, ಖರ್ಚು ಹೆಚ್ಚು. ವರ್ಷದಲ್ಲಿ ನಾಲ್ಕು ದಿನ ಗದ್ದೆಗೆ ಇಳಿದು ಉಳಿದೆಲ್ಲ ದಿನ ರಸ್ತೆಯಲ್ಲಿ ಓಡುವ ಟ್ರೇಲರ್‌ಗೆ ಇದು ದಂಡ ಎಂಬುದು ನನ್ನ ಅಭಿಪ್ರಾಯ. ಗದ್ದೆಯ ಬದುವಿನ ತನಕ ಟ್ರೇಲರ್ ತಂದು ತಲೆಹೊರೆಯಲ್ಲಿ ತುಂಬಿಸುವುದೇ ಮೇಲು.

ನೈಲಾನೋ ರೇಡಿಯಲ್ಲೋ? ಕಲ್ಲು, ಮುಳ್ಳು, ಕಬ್ಬಿನ ಕೂಳೆ ಚುಚ್ಚುವ ಕಡೆ ನೈಲಾನ್ ಟೈರ್‌ನ ದಪ್ಪ ಗೋಡೆ ತಡೆದುಕೊಳ್ಳುತ್ತದೆ, ಬೆಲೆಯೂ ಕಡಿಮೆ. ದೂರದ ರಸ್ತೆ ಓಟ ಹೆಚ್ಚಿದ್ದರೆ ರೇಡಿಯಲ್ ಕಡಿಮೆ ಬಿಸಿಯಾಗುತ್ತದೆ, ನಿಧಾನವಾಗಿ ಸವೆಯುತ್ತದೆ. ಒಂದೇ ಆಕ್ಸಲ್‌ಗೆ ಒಂದು ಕಡೆ ಇದು, ಇನ್ನೊಂದು ಕಡೆ ಅದು ಹಾಕಬೇಡಿ.

ಮಾಡಲೇಬಾರದ ಎರಡು ಉಳಿತಾಯಗಳಿವೆ. ಒಂದು, ಟ್ರ್ಯಾಕ್ಟರ್ ಮುಂದಿನ ಚಕ್ರದಿಂದ ತೆಗೆದ 6.00-16 ಟೈರನ್ನು ಟ್ರೇಲರ್‌ಗೆ ಹಾಕುವುದು. ಅದು ಸ್ಟೀರಿಂಗ್‌ಗಾಗಿ ಮಾಡಿದ್ದು, ಟನ್ನುಗಟ್ಟಲೆ ಹೊರಲು ಅಲ್ಲ. ಇನ್ನೊಂದು ಎಡಿವಿ ಎಂದು ಅಚ್ಚಾಗಿರುವ ಎತ್ತಿನಗಾಡಿ ಟೈರ್. ಅಗ್ಗವೇನೋ ಹೌದು, ಆದರೆ ಎತ್ತಿನ ನಡಿಗೆಗೆ ಮಾಡಿದ್ದು.

5. ರಿಮ್ ಮತ್ತು ಎತ್ತರ

ಪ್ರತಿ ಟೈರ್‌ಗೂ ಹೊಂದುವ ರಿಮ್ ಅಗಲ ಇರುತ್ತದೆ. 7.50-16ಕ್ಕೆ 6 ಇಂಚು, 8.25-20ಕ್ಕೆ 6.5, 9.00-20ಕ್ಕೆ 7, 10.00-20ಕ್ಕೆ 7.5. ರಿಮ್ ಮೇಲೆ ಇದು ಕೆತ್ತಿರುತ್ತದೆ, ತುಕ್ಕು ಉಜ್ಜಿ ಓದಿ. "ಒತ್ತಿ ಕೂರಿಸಿದರೆ ಕೂರುತ್ತೆ" ಎಂದರೆ ಒಪ್ಪಬೇಡಿ. ಅಂಚು ಬಾಗಿದ, ಬಿರುಕು ಬಿಟ್ಟು ವೆಲ್ಡಿಂಗ್ ಆದ ರಿಮ್ ಗುಜರಿಗೇ ಹೋಗಲಿ.

ಸೈಜ್ ಬದಲಿಸುವವರು ಎತ್ತರವನ್ನು ಮರೆಯುತ್ತಾರೆ. 7.50-16ಕ್ಕೂ 10.00-20ಕ್ಕೂ ವ್ಯಾಸದಲ್ಲಿ ಒಂದು ಗೇಣಿನಷ್ಟು ವ್ಯತ್ಯಾಸವಿದೆ, ಆಕ್ಸಲ್ ಅರ್ಧ ಗೇಣು ಮೇಲೇಳುತ್ತದೆ. ಎರಡು ಚಕ್ರದ ಟ್ರೇಲರ್ ಆಗ ಮೂತಿ ತಗ್ಗಿಸಿ ನಿಂತು ಹುಕ್ಕಿನ ಮೇಲೆ ಭಾರ ಹೆಚ್ಚಿಸುತ್ತದೆ. ಹೊರೆಯೂ ಎತ್ತರಕ್ಕೆ ಹೋಗಿ ತಿರುವಿನಲ್ಲಿ ಮಗುಚುವ ಅಪಾಯ ಏರುತ್ತದೆ. ನಾಲ್ಕು ಚಕ್ರದ್ದಾದರೆ ಮುಂದಿನ ಚಕ್ರ ತಿರುಗುವಾಗ ತೊಟ್ಟಿಯ ಅಡಿಗೆ ಉಜ್ಜುತ್ತದೆಯೇ ಎಂದು ಅಳತೆ ಮಾಡಿ. ಹುಕ್ಕಿನ ಎತ್ತರ ಸರಿಪಡಿಸಲು ಆಗದಿದ್ದರೆ ಹಳೆಯ ಸೈಜಿನಲ್ಲೇ ಹೆಚ್ಚು ಪಿಆರ್ ಹುಡುಕಿ. ಹೆಚ್ಚು ಪಿಆರ್ ಟೈರ್ ಹೆಚ್ಚು ಗಾಳಿ ಕೇಳುತ್ತದೆ, ಆ ಒತ್ತಡವನ್ನು ರಿಮ್ ತಡೆಯುತ್ತದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ.

6. ಹಳೆಯದು, ರೀಸೋಲ್ ಮಾಡಿದ್ದು (ಸವೆದ ಟೈರ್ ಮೇಲೆ ಹೊಸ ರಬ್ಬರ್ ಕೂರಿಸಿದ್ದು) ತೆಗೆದುಕೊಳ್ಳಬಹುದೇ?

ಇದನ್ನು ಕೇಳದವರೇ ಇಲ್ಲ. ಉತ್ತರ: ತೆಗೆದುಕೊಳ್ಳಬಹುದು, ನೋಡಿ ತೆಗೆದುಕೊಂಡರೆ. ಲಾರಿಯಿಂದ ಇಳಿದ 10.00-20 ಟೈರ್ ನಿಧಾನ ಓಡುವ ಟ್ರೇಲರ್‌ಗೆ ಇನ್ನೂ ಕೆಲವು ಹಂಗಾಮು ಬರಬಹುದು.

ಮೊದಲು ವಯಸ್ಸು ನೋಡಿ. ಗೋಡೆಯ ಮೇಲೆ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದನ್ನು ಹೊರೆ ಎಳೆಯಲು ನಾನಂತೂ ಕೊಳ್ಳುವುದಿಲ್ಲ, ಬಟನ್ ಎಷ್ಟೇ ಇರಲಿ. ಆಮೇಲೆ ಟಾರ್ಚ್ ಹಿಡಿದು ಒಳಗೋಡೆ ನೋಡಿ. ಗಾಳಿ ಇಲ್ಲದೆ ಓಡಿಸಿದ ಟೈರ್‌ನಲ್ಲಿ ಒಳಗೆ ಸುತ್ತಲೂ ಉಜ್ಜಿದ ಗೆರೆ, ರಬ್ಬರ್ ಪುಡಿ, ಎದ್ದ ದಾರ ಕಾಣುತ್ತದೆ. ಅಂಥದ್ದು ಹೊರಗಿನಿಂದ ಹೊಸದರಂತಿದ್ದರೂ ಬೇಡ. ರಿಮ್‌ಗೆ ಕೂರುವ ಅಂಚಿನಲ್ಲಿ (ಬೀಡ್) ತಂತಿ ಹೊರಬಂದಿದ್ದರೆ, ಗೋಡೆಯಲ್ಲಿ ಉಬ್ಬು ಇದ್ದರೆ, ದಾರದ ತನಕ ಸೀಳಿದ್ದರೆ ಮಾತೇ ಬೇಡ.

ಮೋಸದ ಒಂದು ಬಗೆ: ಸವೆದ ಟೈರ್‌ನಲ್ಲಿ ಬಿಸಿ ಚಾಕುವಿನಿಂದ ಹೊಸ ಗೆರೆ ಕೊರೆದು, ಕರಿ ಪಾಲಿಶ್ ಹಚ್ಚಿ ಮಾರುತ್ತಾರೆ. ಗೆರೆಯ ಅಂಚು ಅಂಕುಡೊಂಕಾಗಿದ್ದರೆ, ತಳದಲ್ಲಿ ಸವೆತದ ಗುರುತಿನ ಸಣ್ಣ ಉಬ್ಬುಗಳು ಕಾಣದಿದ್ದರೆ ಅನುಮಾನ ಪಡಿ. ಆ ಉಬ್ಬುಗಳ ಎತ್ತರ 1.6 ಮಿ.ಮೀ. ಬಟನ್ ಅಲ್ಲಿಗೆ ಇಳಿದರೆ ಟೈರ್ ಮುಗಿಯಿತು ಎಂದರ್ಥ.

ರೀಸೋಲ್ ಮಾಡಿಸುವುದಾದರೆ ನಿಮ್ಮದೇ ಟೈರ್ ಕೊಟ್ಟು ಮಾಡಿಸಿ. ಅದು ಹೇಗೆ ಬಾಳಿದೆ ಎಂದು ನಿಮಗೆ ಗೊತ್ತಿರುತ್ತದೆ.

7. ಅಂಗಡಿಯಲ್ಲಿ

ಕಂಪನಿಯ ಮಾತು ಈಗ. ಎಂಆರ್‌ಎಫ್, ಅಪೋಲೊ, ಜೆಕೆ, ಸಿಯಟ್, ಬಿಕೆಟಿ ಇವುಗಳ ನಡುವೆ ಒಂದೇ ಅಳತೆ, ಒಂದೇ ಪಿಆರ್, ಒಂದೇ ಲೋಡ್ ಇಂಡೆಕ್ಸ್ ಇರುವಾಗ ನಾನು ನೋಡುವುದು ಎರಡೇ: ಹತ್ತಿರದ ಪೇಟೆಯಲ್ಲಿ ವಾರಂಟಿ ನೋಡಿಕೊಳ್ಳುವ ಡೀಲರ್ ಇದ್ದಾನೆಯೇ, ತಯಾರಾದ ವಾರ ಯಾವುದು. ಐಎಸ್‌ಐ ಗುರುತು ಇರಲಿ, ಟೈರ್‌ನ ಸಂಖ್ಯೆ ಬರೆದ ಬಿಲ್ ಇರಲಿ. ಬಿಲ್ ಇಲ್ಲದೆ ಕಡಿಮೆಗೆ ಕೊಟ್ಟ ಟೈರ್‌ಗೆ ವಾರಂಟಿಯೂ ಇರುವುದಿಲ್ಲ.

ಟ್ಯೂಬ್ ಹೊಸದೇ ಹಾಕಿಸಿ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರ್‌ನೊಳಗೆ ಮಡಿಕೆ ಬಿದ್ದು ಅಲ್ಲೇ ಕತ್ತರಿಸುತ್ತದೆ. ರಿಮ್‌ಗೂ ಟ್ಯೂಬ್‌ಗೂ ನಡುವೆ ಬರುವ ರಬ್ಬರ್ ಪಟ್ಟಿ, ಫ್ಲಾಪ್, ಅದನ್ನೂ ಬದಲಿಸಿ.

8. ಕೂರಿಸುವಾಗ ಜೀವ ಜೋಪಾನ

20 ಇಂಚಿನ ಹಳೆಯ ಲಾರಿ ರಿಮ್‌ಗಳಲ್ಲಿ ಲಾಕ್ ರಿಂಗ್ ಇರುತ್ತದೆ, ಟೈರನ್ನು ಹಿಡಿದಿಡುವ ಕಬ್ಬಿಣದ ಬಳೆ. ಅದು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಗುಂಡಿನಂತೆ ಹಾರಿ ಎದುರಿದ್ದವರನ್ನು ಕೊಲ್ಲುತ್ತದೆ. ಮನೆಯ ಹಿತ್ತಿಲಲ್ಲಿ ಈ ಕೆಲಸ ಬೇಡ. ಅಂಗಡಿಯಲ್ಲೂ ಕಬ್ಬಿಣದ ಪಂಜರದೊಳಗೆ ಇಟ್ಟು ತುಂಬಲಿ, ಅದಿಲ್ಲದಿದ್ದರೆ ದಪ್ಪ ಸರಪಳಿ ಸುತ್ತಿ, ರಿಂಗ್ ನೆಲದ ಕಡೆ ಇರುವಂತೆ ಮಲಗಿಸಿ, ಉದ್ದ ಪೈಪಿನಿಂದ ದೂರ ನಿಂತು ತುಂಬಲಿ. ನೀವೂ ಹುಡುಗರೂ ಹತ್ತಿರ ನಿಂತು ನೋಡಬೇಡಿ. ಬಿಚ್ಚುವ ಮೊದಲು ವಾಲ್ವ್‌ನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿಸಿ.

ನಟ್‌ಗಳನ್ನು ಎದುರುಬದುರಾಗಿ ಬಿಗಿಸಿ. ಮೊದಲ ಹೊರೆ ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಸಿ ನೋಡಿ, ಸಡಿಲವಾಗಿರುತ್ತವೆ.

9. ಗಾಳಿ

ಟೈರ್ ಹೊರುವುದು ರಬ್ಬರಿನಿಂದಲ್ಲ, ಒಳಗಿನ ಗಾಳಿಯಿಂದ. ಸೈಡ್‌ವಾಲ್‌ನಲ್ಲಿ ಬರೆದ ತೂಕ ಅಲ್ಲೇ ಬರೆದ ಒತ್ತಡಕ್ಕೆ ಮಾತ್ರ ಸಲ್ಲುತ್ತದೆ. ಒತ್ತಡ ಕೆಪಿಎ ಲೆಕ್ಕದಲ್ಲಿದ್ದರೆ ಪ್ರತಿ 100 ಕೆಪಿಎಗೆ 14.5 ಪಿಎಸ್‌ಐ, ಅಂದರೆ ನಮ್ಮ ಅಂಗಡಿಯವರು ಹೇಳುವ "ಪೌಂಡು". ಗಾಳಿ ಕಡಿಮೆಯಾದರೆ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಸಿಯಾಗುತ್ತದೆ, ರಬ್ಬರ್ ದಾರದಿಂದ ಬಿಟ್ಟುಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ರಸ್ತೆಯೇ ಸುಡುವಾಗ ಇದು ಇನ್ನೂ ಬೇಗ.

ಬೆಳಿಗ್ಗೆ ಓಡಿಸುವ ಮೊದಲು ಅಳೆಯಿರಿ. ಮಧ್ಯಾಹ್ನ ಒತ್ತಡ ಏರಿದೆ ಎಂದು ಬಿಸಿ ಟೈರ್‌ನ ಗಾಳಿ ತೆಗೆಯಬೇಡಿ, ತಣಿದಾಗ ಅದು ಬೇಕಾದ್ದಕ್ಕಿಂತ ಕೆಳಗಿರುತ್ತದೆ. ಗದ್ದೆಗೆಂದು ಗಾಳಿ ಇಳಿಸಿದವರು ಹೊರೆಯೊಂದಿಗೆ ರಸ್ತೆ ಹತ್ತುವ ಮೊದಲು ಮತ್ತೆ ತುಂಬಿಸಿ. ಈ ಒಂದು ಸೋಮಾರಿತನಕ್ಕೆ ಹೋದಷ್ಟು ಟೈರ್ ಮುಳ್ಳಿಗೂ ಹೋಗಿಲ್ಲವೇನೋ.

ಹಂಗಾಮು ಮುಗಿದ ಮೇಲೆ ಟ್ರೇಲರ್ ಹೊಲದ ಬದಿಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಲ್ಲುತ್ತದೆ. ಹೊರೆ ಪೂರ್ತಿ ಇಳಿಸಿ, ಆಕ್ಸಲ್ ಅಡಿಗೆ ಮರದ ದಿಮ್ಮಿ ಕೊಟ್ಟು ಚಕ್ರ ನೆಲ ಬಿಡುವಂತೆ ಎತ್ತಿಡಿ. ಗೋಣಿಚೀಲವೋ ಹಳೆಯ ಟಾರ್ಪಾಲೋ ಮುಚ್ಚಿ. ಡೀಸೆಲ್, ಗ್ರೀಸ್ ಟೈರ್‌ಗೆ ಸೋಕದಿರಲಿ. ಸ್ಟೆಪ್ನಿ ಇಟ್ಟುಕೊಳ್ಳುವವರು ಅದೇ ಅಳತೆ, ಅದೇ ಪಿಆರ್‌ನದನ್ನು ಇಟ್ಟುಕೊಳ್ಳಿ. ಅದರ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಿ.